ಚೈನು ಏಕೆ ಗೊಣಗುತ್ತದೆ?

ಮನೆಯಲ್ಲೇ ಮಾರ್ಪಡಿಸಿದ ಬೈಸಿಕಲ್ಲಿನ ಸದ್ದು: ಅದರ ಕಾರಣ, ಅದರ ಪರಿಹಾರ

ಮನುಷ್ಯನು ನಿರ್ಮಿಸಿದ ವಾಹನಗಳಲ್ಲಿ ಬೈಸಿಕಲ್ಲಿನಷ್ಟು ಮಿತಭಾಷಿಯಾದುದು ಮತ್ತೊಂದಿಲ್ಲ. ಎತ್ತಿನ ಗಾಡಿ ಕಿರುಗುಟ್ಟುತ್ತದೆ, ಜಟಕಾ ಬಂಡಿ ಟಪಟಪಿಸುತ್ತದೆ, ಮೋಟಾರು ಗುಡುಗುತ್ತದೆ. ಚೆನ್ನಾಗಿರುವ ಸೈಕಲ್ಲಾದರೋ ಗಂಟೆ ಬಾರಿಸಿದಾಗ ಮಾತ್ರ ತನ್ನ ಇರವನ್ನು ಲೋಕಕ್ಕೆ ತಿಳಿಸುತ್ತದೆ. ಇಂಥ ಮೌನಿಯು ಒಂದು ದಿನ ಇದ್ದಕ್ಕಿದ್ದಂತೆ ಮಾತನಾಡತೊಡಗಿದರೆ ಅದಕ್ಕೆ ಕಿವಿಗೊಡುವುದು ಲೇಸು. ಅದು ಆಡುವ ಮಾತಿನಲ್ಲಿ ಅರ್ಥವಿರುತ್ತದೆ. ಕೆಲವೊಮ್ಮೆ ಎಚ್ಚರಿಕೆಯೂ ಇರುತ್ತದೆ.

ಹೊಸ ಸೈಕಲ್ಲು ಹೀಗೆ ಮಾತನಾಡುವುದು ಅಪರೂಪ. ಮಾತನಾಡುವುದು ಬಹುಮಟ್ಟಿಗೆ ಮನೆಯವರೇ ಬಿಚ್ಚಿ ಕಟ್ಟಿದ ಸೈಕಲ್ಲು. ನಗರದ ಅನೇಕ ಮನೆಗಳ ಜಗಲಿಯಲ್ಲೋ ಮಹಡಿಯ ಮೆಟ್ಟಿಲ ಕೆಳಗೋ ಹತ್ತು ಗೇರುಗಳ ಹಳೆಯ ಬೈಸಿಕಲ್ಲೊಂದು ಧೂಳು ತಿನ್ನುತ್ತ ನಿಂತಿರುತ್ತದೆ. ಗೇರಿನ ತಂತಿ ತುಕ್ಕು ಹಿಡಿದಿದೆ. ಗೇರು ಬದಲಿಸುವ ತೋಳು ಬಾಗಿದೆ. ರಿಪೇರಿಗೆ ಕೇಳುವ ಹಣ ಸೈಕಲ್ಲಿನ ಬೆಲೆಗೇ ಸಮನಾಗುತ್ತದೆ. ಆಗ ಮನೆಯಲ್ಲಿ ಯಾರಿಗಾದರೂ ಹೊಳೆಯುವ ಉಪಾಯ ಒಂದೇ: ಇಷ್ಟೆಲ್ಲ ಗೇರುಗಳ ಗೋಜು ಏಕೆ? ಎಲ್ಲವನ್ನೂ ತೆಗೆದುಹಾಕಿ, ಮುಂದೆ ಒಂದು, ಹಿಂದೆ ಒಂದು ಹಲ್ಲುಚಕ್ರವನ್ನಿಟ್ಟು ಒಂಟಿ ಗೇರಿನ ಸೈಕಲ್ಲು ಮಾಡಿಬಿಟ್ಟರಾಯಿತು!

ಉಪಾಯವೇನೋ ಸೊಗಸಾದುದೇ. ಭಾನುವಾರದ ಒಂದು ಮಧ್ಯಾಹ್ನದಲ್ಲಿ ಕೆಲಸವೂ ಮುಗಿಯುತ್ತದೆ. ಸೈಕಲ್ಲು ಹಗುರವಾಗುತ್ತದೆ, ನೋಡಲು ಲಕ್ಷಣವಾಗಿರುತ್ತದೆ. ಆದರೆ ಮೊದಲ ಸವಾರಿಯಲ್ಲೇ ಕಾಲ ಕೆಳಗಿನಿಂದ ಕರಕರ, ಟಕಟಕ, ಕಿರ್ರ್ ಎಂಬ ಸದ್ದು. ಎಣ್ಣೆ ಹಾಕಿದರೆ ಒಂದು ದಿನ ಸುಮ್ಮನಿದ್ದು ಮರುದಿನ ಮತ್ತೆ ಆರಂಭ. ಹಾಗಾದರೆ ತಪ್ಪು ಎಲ್ಲಿದೆ?

ಒಂದು ಸ್ವಭಾವಭೇದ

ಉತ್ತರಕ್ಕಾಗಿ ಚೈನಿನ ಚರಿತ್ರೆಯನ್ನು ಸ್ವಲ್ಪ ತಿರುವಬೇಕಾಗುತ್ತದೆ. ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ ಎಂಬ ಯಂತ್ರಜ್ಞನು 1880ರಲ್ಲಿ ಉರುಳೆಗಳುಳ್ಳ ಚೈನನ್ನು ರೂಪಿಸಿದನು. ಅದಾದ ಐದು ವರ್ಷಗಳಿಗೆ, 1885ರಲ್ಲಿ, ಕವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿಯು ‘ರೋವರ್’ ಎಂಬ ಸುರಕ್ಷಿತ ಬೈಸಿಕಲ್ಲನ್ನು ಹೊರತಂದನು. ಅದಕ್ಕೆ ಹಿಂದಿನ ಎತ್ತರದ ಸೈಕಲ್ಲುಗಳಲ್ಲಿ ಪೆಡಲುಗಳು ಮುಂದಿನ ದೈತ್ಯ ಚಕ್ರಕ್ಕೇ ಅಂಟಿಕೊಂಡಿರುತ್ತಿದ್ದವು. ರೋವರ್ ಸೈಕಲ್ಲಿನಲ್ಲಿ ಪೆಡಲಿನ ಬಲವನ್ನು ಚೈನು ಹಿಂದಿನ ಚಕ್ರಕ್ಕೆ ಒಯ್ಯಿತು. ಇಂದು ಬೀದಿಯಲ್ಲಿ ಓಡುವ ಸೈಕಲ್ಲುಗಳೆಲ್ಲ ಈ ಮನೆತನದ ಕುಡಿಗಳೇ.

ಆ ಕಾಲದ ಚೈನಿಗೆ ಇದ್ದುದು ಒಂದೇ ದಾರಿ. ಮುಂದಿನ ಹಲ್ಲುಚಕ್ರವೂ ಹಿಂದಿನ ಹಲ್ಲುಚಕ್ರವೂ ಒಂದೇ ನೇರದಲ್ಲಿರುತ್ತಿದ್ದವು. ಬಹುಕಾಲ ಭಾರತದ ಬೀದಿಗಳನ್ನು ಆಳಿದ ಕಪ್ಪು ಬಣ್ಣದ ಗಟ್ಟಿ ಸೈಕಲ್ಲು ಇದೇ ಕ್ರಮದ್ದು. ಅದರ ಚೈನು ಕವರಿನೊಳಗೆ ಸದ್ದಿಲ್ಲದೆ ಓಡುತ್ತಿದ್ದುದು ಪವಾಡವೇನಲ್ಲ; ಕಾರ್ಖಾನೆಯಲ್ಲೇ ಎಲ್ಲವನ್ನೂ ನೇರಕ್ಕೆ ತಂದಿರುತ್ತಿದ್ದರು.

ಮುಂದೆ ಡಿರೇಲರು ಬಂದಿತು. ಇದು ಚೈನನ್ನು ಪಕ್ಕಕ್ಕೆ ತಳ್ಳಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹಾರಿಸುವ ಸಾಧನ. ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಪಂದ್ಯವಾದ ಟೂರ್ ದ ಫ್ರಾನ್ಸಿನಲ್ಲಿ ಸ್ಪರ್ಧಾಳುಗಳಿಗೆ ಅದರ ಬಳಕೆಗೆ ಅನುಮತಿ ದೊರೆತದ್ದು 1937ರಲ್ಲಿ. ಅಲ್ಲಿಂದೀಚೆಗೆ ಗೇರಿನ ಸೈಕಲ್ಲಿನ ಒಂದೊಂದು ಭಾಗವೂ ಚೈನು ಸಲೀಸಾಗಿ ಪಕ್ಕಕ್ಕೆ ಹಾರಬೇಕೆಂಬ ಒಂದೇ ಉದ್ದೇಶದಿಂದ ಬೆಳೆದುಬಂದಿದೆ. ಹಲ್ಲುಗಳನ್ನು ಗಿಡ್ಡವಾಗಿ, ಓರೆಯಾಗಿ ಕತ್ತರಿಸಿದರು. ಹಲ್ಲುಚಕ್ರದ ಪಕ್ಕದಲ್ಲಿ ಚೈನು ಏರುವುದಕ್ಕೆ ಇಳಿಜಾರುಗಳನ್ನು ಕೊರೆದರು. ಚೈನನ್ನು ಅಡ್ಡಕ್ಕೆ ಬಳುಕುವಂತೆ ಮಾಡಿದರು.

ಒಂಟಿ ಗೇರಿನ ಸೈಕಲ್ಲಿಗೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದ ಗುಣ. ಅಲ್ಲಿ ಚೈನು ಎಂದಿಗೂ ಹಾರಬಾರದು. ಮನೆಯಲ್ಲಿ ಮಾರ್ಪಾಟು ಮಾಡುವವರು ಹಾರಲೆಂದೇ ಹುಟ್ಟಿದ ಭಾಗಗಳನ್ನು ತೆಗೆದುಕೊಂಡು, ಹಾರಬೇಡಿರೆಂದು ಕಟ್ಟಿಹಾಕುತ್ತಾರೆ. ಈ ಸ್ವಭಾವಭೇದವನ್ನು ಅರಿತವರಿಗೆ ಸದ್ದಿನ ಅರ್ಧ ರಹಸ್ಯ ಬಿಡಿಸಿದಂತೆಯೇ.

ಕಿವಿಯ ಪರೀಕ್ಷೆ

ಸ್ಪ್ಯಾನರು ಹಿಡಿಯುವ ಮೊದಲು ಕಿವಿಯಿಂದ ಮಾಡಬೇಕಾದ ಕೆಲಸವಿದೆ. ವೈದ್ಯನು ನಾಡಿ ಹಿಡಿದು ಎಣಿಸುವಂತೆ ಸದ್ದಿನ ತಾಳವನ್ನು ಎಣಿಸಬೇಕು. ಸದ್ದು ಎಂಥದು ಎನ್ನುವುದಕ್ಕಿಂತ ಎಷ್ಟು ಸಲ ಬರುತ್ತದೆ ಎನ್ನುವುದೇ ಮುಖ್ಯ.

ಉದಾಹರಣೆಗೆ, ಮುಂದಿನ ಚೈನ್‌ವೀಲಿಗೆ 42 ಹಲ್ಲು, ಹಿಂದಿನ ಚಕ್ರಕ್ಕೆ 16 ಹಲ್ಲು, ಚೈನಿನಲ್ಲಿ 98 ಕೊಂಡಿಗಳು ಇವೆಯೆಂದು ಭಾವಿಸೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಹಲ್ಲುಚಕ್ರ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಚೈನು ಮಾತ್ರ ನಿಧಾನ. ಅದು ಮೂರು ಸುತ್ತು ಮುಗಿಸಬೇಕಾದರೆ ಪೆಡಲು ಏಳು ಸುತ್ತು ತಿರುಗಬೇಕು. ಮೂವರು ಮೂರು ತಾಳದಲ್ಲಿ ಹೆಜ್ಜೆ ಹಾಕುತ್ತಿರುವುದರಿಂದ ಅಪರಾಧಿಯ ಗುರುತು ಹತ್ತುವುದು ಸುಲಭ.

ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ ಸದ್ದು ಬಂದರೆ ಪೆಡಲು, ಕ್ರ್ಯಾಂಕು, ಚೈನ್‌ವೀಲು, ಅವುಗಳ ನಡುವಿನ ಅಚ್ಚು – ಇವುಗಳಲ್ಲಿ ಒಂದು ಸಡಿಲವಾಗಿದೆ ಎಂದು ತಿಳಿಯಬೇಕು. ಎಡಗಾಲು ಬಲಗಾಲು ಒತ್ತಿದಾಗಲೆಲ್ಲ ಸದ್ದು ಬಂದರೂ ಸಂಶಯ ಇಲ್ಲಿಯೇ. ಸುಮಾರು ಎರಡೂಕಾಲು ಸುತ್ತಿಗೆ ಒಮ್ಮೆ ‘ಟಕ್’ ಎಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದಿದೆ. ಪ್ರತಿ ಸುತ್ತಿಗೆ ಎರಡು ಮೂರು ಸಲ ಬಂದರೆ ತೊಂದರೆ ಹಿಂದಿನ ಹಲ್ಲುಚಕ್ರದಲ್ಲೋ ಗಾಲಿಯಲ್ಲೋ ಇದೆ. ಪೆಡಲು ನಿಲ್ಲಿಸಿ ಸುಮ್ಮನೆ ಸಾಗುತ್ತಿರುವಾಗಲೂ ಇದೇ ಸದ್ದು ಮುಂದುವರಿದರೆ ಅದು ಗಾಲಿಯದೇ ಸರಿ: ಮಡ್‌ಗಾರ್ಡು ತಾಗುತ್ತಿರಬಹುದು, ಕಡ್ಡಿಯೊಂದು ಸಡಿಲಗೊಂಡಿರಬಹುದು. ಸಾಗುವಾಗ ಕೇಳುವ ಸಣ್ಣ ‘ಕಿಟಿಕಿಟಿ’ ಫ್ರೀವೀಲಿನ ಸಹಜ ಧ್ವನಿ. ಅದಕ್ಕೆ ಮದ್ದು ಬೇಕಿಲ್ಲ. ಇನ್ನು ಯಾವ ತಾಳವೂ ಇಲ್ಲದೆ ಒಂದೇ ಸಮನೆ ರಾಗಿ ಬೀಸಿದಂತೆ ಗರಗರ ಎನ್ನುತ್ತಿದ್ದರೆ, ಚೈನು ಹಲ್ಲಿನ ಮೇಲೆ ಸರಿಯಾಗಿ ಕೂರುತ್ತಿಲ್ಲವೆಂದೇ ಅರ್ಥ.

ಸೈಕಲ್ಲಿನ ಕೊಳವೆಗಳು ಸದ್ದನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಹೊತ್ತುಹಾಕುತ್ತವೆ ಎಂಬುದನ್ನೂ ಮರೆಯಬಾರದು. ಪೆಡಲಿನಿಂದ ಬಂದಂತೆ ತೋರುವ ಕಿರುಗು ಎಷ್ಟೋ ಸಲ ಆಸನದ ಕೆಳಗಿನ ಬೋಲ್ಟಿನದಾಗಿರುತ್ತದೆ. ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ಅಡಗಿದರೆ ಚೈನನ್ನು ದೂರುವುದು ಅನ್ಯಾಯ.

ನೇರವಲ್ಲದ ನಡೆ

ಮಾರ್ಪಡಿಸಿದ ಸೈಕಲ್ಲಿನ ಗರಗರ ಸದ್ದಿಗೆ ಮೊಟ್ಟಮೊದಲು ಹುಡುಕಬೇಕಾದ ಕಾರಣವೆಂದರೆ ಚೈನಿನ ನೇರ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮುಂದಿನ ಚಕ್ರ ಹೊರಕ್ಕಿದ್ದು ಹಿಂದಿನದು ಒಳಕ್ಕಿದ್ದರೆ ಚೈನಿನ ಒಂದೊಂದು ಪಟ್ಟಿಯೂ ಹಲ್ಲಿನ ಪಕ್ಕವನ್ನು ಉಜ್ಜಿಕೊಂಡೇ ಹೋಗುತ್ತದೆ.

ಇದನ್ನು ಕಣ್ಣಳತೆಯಿಂದ ನಿರ್ಧರಿಸಬಾರದು. ಶಾಲೆಯ ಮಕ್ಕಳ ಅಡಿಪಟ್ಟಿಯೊಂದೇ ಸಾಕು. ಮುಂದುಗಡೆ, ಸೀಟಿನ ಕೆಳಗಿನ ಕೊಳವೆಯ ಪಕ್ಕದಿಂದ ಚೈನ್‌ವೀಲಿನ ಹಲ್ಲಿನ ನಡುಮಧ್ಯದವರೆಗೆ ಅಳೆದು, ಕೊಳವೆಯ ದಪ್ಪದ ಅರ್ಧವನ್ನು ಅದಕ್ಕೆ ಕೂಡಿಸಬೇಕು. ಹಿಂದುಗಡೆ, ಅಚ್ಚು ಕೂರುವ ಎರಡು ಕಚ್ಚುಗಳ ಒಳಗಿನ ಅಂತರವನ್ನು ಅಳೆದು ಅರ್ಧಮಾಡಿ, ಬಲಗಡೆಯ ಕಚ್ಚಿನ ಒಳಮೈಯಿಂದ ಹಲ್ಲಿನ ನಡುವಿಗೆ ಇರುವ ದೂರವನ್ನು ಕಳೆಯಬೇಕು. ಕಚ್ಚುಗಳ ನಡುವೆ 126 ಮಿಲಿಮೀಟರು, ಕಚ್ಚಿನಿಂದ ಹಲ್ಲಿಗೆ 21 ಮಿಲಿಮೀಟರು ಇದ್ದರೆ ಲೆಕ್ಕ ಹೀಗೆ: 63ರಲ್ಲಿ 21 ಕಳೆದರೆ 42. ಮುಂದಿನ ಅಳತೆಯೂ 42ರ ಆಸುಪಾಸಿನಲ್ಲಿ ಬಂದರೆ ನೇರ ಸರಿಯಾಗಿದೆ. ಒಂದು ಮಿಲಿಮೀಟರಿನ ವ್ಯತ್ಯಾಸ ಕ್ಷಮ್ಯ. ನಾಲ್ಕೈದು ಮಿಲಿಮೀಟರು ಬಂದರೆ ಸದ್ದಿನ ಮೂಲ ಸಿಕ್ಕಿತೆನ್ನಬಹುದು.

ಎರಡು ಚೈನ್‌ವೀಲುಗಳಿದ್ದ ಸೈಕಲ್ಲಿನಲ್ಲಿ ಹೊರಗಿನದಕ್ಕೂ ಒಳಗಿನದಕ್ಕೂ ನಡುವಣ ಅಂತರ ಸುಮಾರು 5 ಮಿಲಿಮೀಟರು. ಮಾರ್ಪಾಟು ಮಾಡುವವರು ಚೆಂದಕ್ಕಾಗಿ ಹೊರಗಿನ ಜಾಗದಲ್ಲೇ ಚೈನ್‌ವೀಲನ್ನು ಉಳಿಸಿಕೊಳ್ಳುತ್ತಾರೆ. ಒಂಟಿ ಫ್ರೀವೀಲಾದರೋ ತಿರುಪಿನ ಕೊನೆಯವರೆಗೂ ಹೋಗಿ ಕಡ್ಡಿಗಳ ಪಕ್ಕದಲ್ಲೇ ಕೂರುತ್ತದೆ. ಹೀಗಾದಾಗ ಚೈನ್‌ವೀಲನ್ನು ಒಳಗಿನ ಜಾಗಕ್ಕೆ ಸರಿಸಿದರೆ ಕಾಸು ಖರ್ಚಿಲ್ಲದೆ ಕೆಲಸ ಮುಗಿಯಬಹುದು. ಅದರ ಹಲ್ಲು ಫ್ರೇಮಿನ ಕೊಳವೆಗೆ ತಾಗುವುದಿಲ್ಲವೆಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಹಲ್ಲುಚಕ್ರ ಜಾರಿ ಕೂರುವಂಥ ಈಚಿನ ಹಬ್ಬುಗಳಲ್ಲಿ ಕೆಲಸ ಇನ್ನೂ ಸುಲಭ. ಅಕ್ಕಪಕ್ಕದ ಬಳೆಗಳನ್ನು ಅದಲು ಬದಲು ಮಾಡಿ ಹಲ್ಲುಚಕ್ರವನ್ನು ಬೇಕಾದ ಕಡೆಗೆ ಸರಿಸಬಹುದು.

ಎಲ್ಲವೂ ಸರಿಯಿದ್ದೂ ಗಾಲಿಯೇ ಓರೆಯಾಗಿ ಕೂತಿರುವುದುಂಟು. ನಟ್ಟು ಬಿಗಿಯುವಾಗ ಅಚ್ಚು ಒಂದು ಬದಿಗೆ ಎಳೆದುಕೊಳ್ಳುತ್ತದೆ. ಟೈರಿಗೂ ಎರಡು ಪಕ್ಕದ ಕೊಳವೆಗಳಿಗೂ ನಡುವೆ ಸಮಾನ ಅಂತರವಿದೆಯೇ ಎಂದು ಬೆರಳಿಟ್ಟು ನೋಡಿದರೆ ಇದು ತಿಳಿಯುತ್ತದೆ.

ಬಿಗಿಯೂ ಬೇಡ, ಸಡಿಲವೂ ಬೇಡ

ಎರಡನೆಯ ಕಾರಣ ಚೈನಿನ ಬಿಗಿತ. ಗೇರಿನ ಸೈಕಲ್ಲಿನಲ್ಲಿ ಡಿರೇಲರಿನ ಸ್ಪ್ರಿಂಗು ಹೆಚ್ಚುವರಿ ಚೈನನ್ನು ಎಳೆದು ಹಿಡಿದಿರುತ್ತಿತ್ತು. ಅದನ್ನು ಕಿತ್ತುಹಾಕಿದ ಮೇಲೆ ಆ ಹೊಣೆ ಸೈಕಲ್ಲು ಕಟ್ಟಿದವರದು. ಚೈನು ವೀಣೆಯ ತಂತಿಯಂತೆ ಬಿಗಿದಿದ್ದರೆ ತುಳಿಯುವಾಗ ನರಳುತ್ತದೆ. ಅಚ್ಚಿನ ಗುಂಡುಗಳನ್ನೂ ಸವೆಸುತ್ತದೆ. ಜೋಕಾಲಿಯಂತೆ ಜೋತಿದ್ದರೆ ಪಟಪಟ ಬಡಿಯುತ್ತದೆ. ಒಂದು ದಿನ ಕಳಚಿಯೂ ಬೀಳುತ್ತದೆ.

ಎರಡು ಹಲ್ಲುಚಕ್ರಗಳ ನಡುಮಧ್ಯದಲ್ಲಿ ಚೈನನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಒಟ್ಟು ಅರ್ಧ ಅಂಗುಲದಷ್ಟು ಆಡಬೇಕು. ಇದು ಹದ. ಆದರೆ ಒಂದೇ ಕಡೆ ನೋಡಿ ತೃಪ್ತಿಪಟ್ಟರೆ ಸಾಲದು. ಚೈನ್‌ವೀಲು ಅಚ್ಚಿನ ಸುತ್ತ ಸರಿಯಾದ ವೃತ್ತವಾಗಿ ತಿರುಗುವುದು ಅಪರೂಪ. ಒಂದು ಕಡೆ ಚೈನು ಬಿಗಿಯಾಗುತ್ತದೆ, ಮತ್ತೊಂದು ಕಡೆ ಸಡಿಲವಾಗುತ್ತದೆ. ಪೆಡಲನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಅತ್ಯಂತ ಬಿಗಿಯಾದ ಜಾಗದಲ್ಲಿ ಹದ ನೋಡಬೇಕು.

ಬಿಗಿತ ಸಡಿಲಗಳ ಅಂತರ ಅತಿಯಾಗಿದ್ದರೆ ಅದಕ್ಕೂ ಉಪಾಯವಿದೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿದ್ದ ಷೆಲ್ಡನ್ ಬ್ರೌನ್ (1944–2008) ಸೈಕಲ್ ರಿಪೇರಿಯ ವಿದ್ಯೆಯನ್ನು ಸಾಮಾನ್ಯರಿಗೆ ಬಿಡಿಸಿ ಹೇಳಿದವರಲ್ಲಿ ಅಗ್ರಗಣ್ಯರು. ಒಂಟಿ ಗೇರಿನ ಸೈಕಲ್ಲಿನ ಪರಮ ಪಕ್ಷಪಾತಿ. ಅವರು ತಿಳಿಸಿದ ಕ್ರಮ ಹೀಗಿದೆ: ಚೈನ್‌ವೀಲಿನ ಬೋಲ್ಟುಗಳನ್ನು ತುಸು ಸಡಿಲಿಸಿ, ಚೈನು ಅತಿ ಬಿಗಿಯಾಗುವ ಜಾಗದಲ್ಲಿ ಅದರ ಮೇಲೆ ಮೆಲ್ಲನೆ ತಟ್ಟಬೇಕು. ಚೈನ್‌ವೀಲು ಕೂದಲೆಳೆಯಷ್ಟು ಸರಿದು ನಡುವಿಗೆ ಬರುತ್ತದೆ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ, ಎಲ್ಲ ಕಡೆಯೂ ಹದ ಒಂದೇ ಸಮ ಬಂದ ಮೇಲೆ ಬೋಲ್ಟುಗಳನ್ನು ಬಿಗಿಯಬೇಕು.

ಅಚ್ಚು ಕೂರುವ ಕಚ್ಚು ಹಿಂದುಮುಂದಾಗಿ ಉದ್ದವಿದ್ದರೆ ಗಾಲಿಯನ್ನು ಸರಿಸಿ ಹದ ತರಬಹುದು. ಈಚಿನ ಗೇರಿನ ಸೈಕಲ್ಲುಗಳಲ್ಲಿ ಈ ಕಚ್ಚು ನೇರ ಕೆಳಮುಖವಾಗಿರುವುದರಿಂದ ಗಾಲಿ ಹಿಂದೆಮುಂದೆ ಸರಿಯುವುದಿಲ್ಲ. ಅಂಥದಕ್ಕೆ ಚೈನನ್ನು ಒತ್ತಿಹಿಡಿಯುವ ಸಣ್ಣ ರಾಟೆಯೊಂದನ್ನು ಜೋಡಿಸಬೇಕಾಗುತ್ತದೆ. ರಾಟೆ ಒಣಗಿದ್ದರೆ ಇಲಿಮರಿಯಂತೆ ಕಿಚಿಗುಟ್ಟುತ್ತದೆ. ಓರೆಯಾಗಿದ್ದರೆ ಗರಗರ ಎನ್ನುತ್ತದೆ. ರಾಟೆ ಇದ್ದಲ್ಲಿ ಮೊದಲ ಸಂಶಯ ಅದರ ಮೇಲಿರಲಿ.

ಹಳೆಯ ಹಲ್ಲು, ಹೊಸ ಚೈನು

ಮೂರನೆಯ ಕಾರಣ ಸವೆತ. ಹಳೆಯ ಹಲ್ಲುಚಕ್ರವನ್ನು ಉಳಿಸಿಕೊಂಡು ಹೊಸ ಚೈನು ತಂದು ಹಾಕುವುದು ಮಾರ್ಪಾಟಿನಲ್ಲಿ ಬಲು ಸಾಮಾನ್ಯ. ಹಣ ಉಳಿಯಿತೆಂಬ ಸಂತೋಷ ಹೆಚ್ಚು ದಿನ ನಿಲ್ಲುವುದಿಲ್ಲ. ಹಲವು ವರ್ಷ ಜೊತೆಗೂಡಿ ಸವೆದ ಚೈನೂ ಹಲ್ಲೂ ಹಳೆಯ ದಂಪತಿಗಳಂತೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಅವುಗಳ ನಡುವೆ ಹೊಸಬರು ಬಂದರೆ ಹೊಂದಾಣಿಕೆಯಾಗದು.

ಚೈನು ಹಿಗ್ಗುತ್ತದೆ ಎಂದು ಜನ ಹೇಳುವುದುಂಟು. ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಗಳನ್ನು ಜೋಡಿಸುವ ಪಿನ್ನುಗಳೂ ಅವುಗಳ ಸುತ್ತಣ ರಂಧ್ರಗಳೂ ಸವೆದು, ಕೊಂಡಿ ಕೊಂಡಿಗೆ ಕೂದಲೆಳೆಯಷ್ಟು ಅಂತರ ಬೆಳೆಯುತ್ತದೆ. ಇದನ್ನೂ ಅಡಿಪಟ್ಟಿಯಿಂದಲೇ ಅಳೆಯಬಹುದು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ. ಆದ್ದರಿಂದ 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು. ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿದೆ. ಎಂಟನೆಯ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲುಚಕ್ರವೂ ಬಹುಶಃ ಹಾಳಾಗಿದೆ. ಸವೆದ ಹಲ್ಲು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಕಣ್ಣಿಗೆ ಕಾಣಿಸುತ್ತದೆ.

ಅಗಲದ ಹೊಂದಿಕೆಯನ್ನೂ ನೋಡಬೇಕು. ಒಂಟಿ ಗೇರಿನ ಹಲ್ಲುಚಕ್ರಗಳು ಹಲವು ವೇಳೆ ಅಂಗುಲದ ಎಂಟನೆಯ ಒಂದು ಭಾಗದ, ಎಂದರೆ ಸುಮಾರು 3.2 ಮಿಲಿಮೀಟರಿನ, ಚೈನಿಗೆ ಹೊಂದುವಂತೆ ಮಾಡಿದವು. ಹಳೆಯ ಗೇರಿನ ಚೈನುಗಳ ಒಳ ಅಗಲ ಸುಮಾರು 2.4 ಮಿಲಿಮೀಟರು. ಅಗಲ ಚೈನು ಕಿರಿಯ ಹಲ್ಲಿನ ಮೇಲೆ ಓಡಬಲ್ಲದು. ಕಿರಿಯ ಚೈನು ಅಗಲ ಹಲ್ಲಿನ ಮೇಲೆ ಓಡಲಾರದು. ಅದು ಹಲ್ಲಿನ ನಡುವೆ ಇಳಿಯದೆ ನೆತ್ತಿಯ ಮೇಲೆ ಕುಣಿಯುತ್ತದೆ.

ಗೇರು ಗೊಂಚಲಿನಿಂದ ಬಿಚ್ಚಿ ತೆಗೆದ ಹಲ್ಲುಚಕ್ರವನ್ನೇ ಒಂಟಿಯಾಗಿ ಬಳಸಿದ್ದರೆ ಮೇಲೆ ಹೇಳಿದ ಸ್ವಭಾವಭೇದ ತಲೆಯೆತ್ತುತ್ತದೆ. ಅದರ ಗಿಡ್ಡ, ಓರೆ ಹಲ್ಲುಗಳು ಚೈನನ್ನು ಬಿಟ್ಟುಕೊಡಲು ಸದಾ ಸಿದ್ಧ. ಪೂರ್ಣ ಎತ್ತರದ ಹಲ್ಲುಗಳುಳ್ಳ ಚಕ್ರವನ್ನು ಕೊಳ್ಳುವುದೇ ಕ್ಷೇಮ.

ಸಣ್ಣ ಬೋಲ್ಟಿನ ದೊಡ್ಡ ಚೇಷ್ಟೆ

ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ ಬರುವ ಕಿರುಗಿಗೆ ಮಾರ್ಪಡಿಸಿದ ಸೈಕಲ್ಲಿನಲ್ಲಿ ವಿಶೇಷ ಕಾರಣವೊಂದಿದೆ. ಎರಡು ಚೈನ್‌ವೀಲುಗಳನ್ನು ಹಿಡಿಯಲೆಂದು ಮಾಡಿದ ಬೋಲ್ಟು ಒಂದನ್ನೇ ಹಿಡಿಯಬೇಕಾದಾಗ ಉದ್ದವಾಗುತ್ತದೆ. ಬಿಗಿಯುವವರ ಕೈಗೆ ಬಿಗಿಯಾಯಿತೆಂದೇ ತೋರುತ್ತದೆ. ಆದರೆ ಬೋಲ್ಟು ನಟ್ಟಿನ ತಳಕ್ಕೆ ತಾಗಿ ನಿಂತಿದೆಯೇ ಹೊರತು ಚೈನ್‌ವೀಲನ್ನು ಅದುಮಿಲ್ಲ. ಕಾಲಿನ ಬಲ ಬಿದ್ದಾಗಲೆಲ್ಲ ಅದು ಎಳ್ಳಷ್ಟು ಅಲುಗಿ ‘ಕಿರ್’ ಎನ್ನುತ್ತದೆ. ಗಿಡ್ಡ ಬೋಲ್ಟುಗಳನ್ನು ತಂದು ಹಾಕಿದರೆ, ಇಲ್ಲವೆ ತೆಳುವಾದ ವಾಷರುಗಳನ್ನು ಸೇರಿಸಿದರೆ ತಿಂಗಳುಗಟ್ಟಲೆಯ ಕಾಟ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಬೋಲ್ಟು ನಿರಪರಾಧಿಯೆಂದು ತಿಳಿದ ಮೇಲೆ ಪೆಡಲಿನ ತಿರುಪು, ಕ್ರ್ಯಾಂಕಿನ ನಟ್ಟು, ಒಳಗಿನ ಅಚ್ಚು – ಹೀಗೆ ಒಂದೊಂದಾಗಿ ನೋಡಬೇಕು. ಎಡ ಪೆಡಲಿನ ತಿರುಪು ಉಲ್ಟಾ ಎಂಬುದನ್ನು ನೆನಪಿಡಬೇಕು. ಬಿಗಿಯುತ್ತೇವೆಂದು ಬಿಚ್ಚಿದವರು ಬಹಳ. ಹಳೆಯ ಕಾಲದ ಸೈಕಲ್ಲಾಗಿದ್ದರೆ ಕ್ರ್ಯಾಂಕನ್ನು ಹಿಡಿದಿರುವ ಕಾಟರ್ ಪಿನ್ನು ಸಡಿಲವಾಗಿರುವ ಸಂಭವ ಹೆಚ್ಚು.

ಬಿಗಿದ ಕೊಂಡಿಯನ್ನು ಹುಡುಕಲು ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಹಿಂದಿನ ಹಲ್ಲುಚಕ್ರದಿಂದ ಹೊರಬರುವ ಚೈನನ್ನು ನೋಡುತ್ತಿರಬೇಕು. ನೇರವಾಗದೆ ಗೂನು ಬೆನ್ನಿನಂತೆ ಬರುವ ಕೊಂಡಿಯೇ ಅಪರಾಧಿ. ಬಹುಪಾಲು ಅದು ಚೈನನ್ನು ಕತ್ತರಿಸಿ ಮತ್ತೆ ಜೋಡಿಸಿದ ಜಾಗವೇ ಆಗಿರುತ್ತದೆ. ಎರಡು ಕೈಗಳಿಂದ ಹಿಡಿದು ಅಡ್ಡಡ್ಡಕ್ಕೆ ಒಂದೆರಡು ಸಲ ಬಳುಕಿಸಿದರೆ ಸಡಿಲವಾಗುತ್ತದೆ. ಹೆಚ್ಚು ಗೇರುಗಳ ತೆಳು ಚೈನಿನಲ್ಲಿ ಒಮ್ಮೆ ಹೊರತೆಗೆದ ಪಿನ್ನನ್ನೇ ಮತ್ತೆ ಬಡಿಯಬಾರದು; ಜೋಡಣೆಯ ಕೊಂಡಿಯನ್ನು ಬೇರೆಯಾಗಿ ಕೊಂಡು ಹಾಕಬೇಕು. ಅಗಲ ಚೈನಿನ ಜೋಡಣೆಗೆ ಸ್ಪ್ರಿಂಗಿನ ಕ್ಲಿಪ್ಪು ಇದ್ದರೆ ಅದರ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೆ ಮುಖಮಾಡಿರಬೇಕು. ತೆರೆದ ತುದಿ ಮುಂದಾಗಿದ್ದರೆ ಎಲ್ಲಾದರೂ ಸಿಕ್ಕಿಕೊಂಡು ಕಳಚಿಹೋಗುವ ಭಯವುಂಟು.

ಎಣ್ಣೆಯ ಮಾತು

ಇಷ್ಟೆಲ್ಲ ನೋಡಿದ ಮೇಲೆ ಎಣ್ಣೆಯ ಸರದಿ. ಜನ ಸಾಮಾನ್ಯವಾಗಿ ಇದನ್ನು ಮೊದಲು ಮಾಡುತ್ತಾರೆ. ಅದರಿಂದಲೇ ಮೂಲಕಾರಣ ಮರೆಯಾಗಿ ಉಳಿಯುತ್ತದೆ. ಒಣಗಿದ ಚೈನು ಕಿಚಿಗುಟ್ಟುವುದು ನಿಜ. ಆದರೆ ನೇರ ತಪ್ಪಿದ ಚೈನಿಗೆ ಎಣ್ಣೆ ಸುರಿಯುವುದು ಜ್ವರಕ್ಕೆ ಗಂಧ ಲೇಪಿಸಿದಂತೆ. ತಂಪೆನಿಸುತ್ತದೆ, ರೋಗ ಹೋಗುವುದಿಲ್ಲ.

ಎಣ್ಣೆ ಬೇಕಾದುದು ಚೈನಿನ ಹೊರಮೈಗಲ್ಲ; ಉರುಳೆಗಳ ಒಳಗೆ. ಹೊಲಿಗೆ ಯಂತ್ರದ ಎಣ್ಣೆಯಂಥ ತಿಳಿಯಾದ ಎಣ್ಣೆಯನ್ನು ಒಂದೊಂದು ಉರುಳೆಗೆ ಒಂದೊಂದು ಹನಿಯಂತೆ ಹಾಕಿ, ಪೆಡಲನ್ನು ಕೆಲವು ಸುತ್ತು ತಿರುಗಿಸಿ, ಹೊರಗೆ ಉಳಿದದ್ದನ್ನು ಹಳೆಯ ಬಟ್ಟೆಯಿಂದ ಒರೆಸಿಬಿಡಬೇಕು. ಒರೆಸದೆ ಬಿಟ್ಟ ಎಣ್ಣೆ ಬೀದಿಯ ಧೂಳನ್ನು ಹಿಡಿದುಕೊಂಡು ಸಾಣೆಯ ಪುಡಿಯಂತೆ ಚೈನನ್ನು ಅರೆಯುತ್ತದೆ. ಅಡಿಗೆಮನೆಯ ಕೊಬ್ಬರಿ ಎಣ್ಣೆ ಇದಕ್ಕೆ ತಕ್ಕುದಲ್ಲ. ಉಷ್ಣತೆ 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟತೊಡಗುತ್ತದೆ. ಬೆಂಗಳೂರಿನ ಧನುರ್ಮಾಸದ ಬೆಳಗಿನಲ್ಲಿ ಅದರ ಗತಿಯೇನೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಚೈನನ್ನು ಪರೀಕ್ಷಿಸಿ 1999ರಲ್ಲಿ ತಿಳಿಸಿದ ಫಲಿತಾಂಶ ಇಲ್ಲಿ ಸ್ಮರಣೀಯ. ಅನುಕೂಲ ಸ್ಥಿತಿಯಲ್ಲಿ ಚೈನು ತನಗೆ ಕೊಟ್ಟ ಶಕ್ತಿಯಲ್ಲಿ ಶೇಕಡಾ 98.6ರವರೆಗೆ ಮುಂದಕ್ಕೆ ಒಪ್ಪಿಸುತ್ತದೆ. ಹಲ್ಲುಚಕ್ರ ದೊಡ್ಡದಾದಷ್ಟೂ ನಷ್ಟ ಕಡಮೆ. ಪ್ರಯೋಗಾಲಯದ ಧೂಳಿಲ್ಲದ ವಾತಾವರಣದಲ್ಲಿ ಎಣ್ಣೆಯ ಬದಲಾವಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಲ್ಲುಚಕ್ರದ ಗಾತ್ರಕ್ಕೆ ಸದ್ದಿನೊಡನೆಯೂ ನಂಟುಂಟು. ಚೈನು ಹಲ್ಲುಚಕ್ರವನ್ನು ಸುತ್ತುವುದು ಪೂರ್ಣ ವೃತ್ತವಾಗಿ ಅಲ್ಲ, ಹಲವು ಮೂಲೆಗಳ ಆಕೃತಿಯಾಗಿ. 11 ಹಲ್ಲಿನ ಚಕ್ರದಲ್ಲಿ ಚೈನಿನ ವೇಗ ಪ್ರತಿ ಹಲ್ಲಿಗೂ ಶೇಕಡಾ 4ರಷ್ಟು ಏರಿಳಿಯುತ್ತದೆ. 16 ಹಲ್ಲಿನಲ್ಲಿ ಶೇಕಡಾ 2ರಷ್ಟು ಮಾತ್ರ. ತೀರ ಚಿಕ್ಕ ಹಲ್ಲುಚಕ್ರವನ್ನು ಆರಿಸಿಕೊಂಡವರು ಸ್ವಲ್ಪ ಗುಣುಗುಣು ಸದ್ದನ್ನು ಸಹಿಸಿಕೊಳ್ಳಲೇಬೇಕು.

ಸದ್ದಿನ ಹಿಂದಿನ ಅಪಾಯ

ಸಣ್ಣ ಸದ್ದಿಗೆ ಇಷ್ಟು ವಿಚಾರಣೆ ಏಕೆ ಎಂದು ಯಾರಾದರೂ ಕೇಳಬಹುದು. ಸದ್ದು ಕಿವಿಗೆ ಕಿರಿಕಿರಿ ಮಾಡುವುದಷ್ಟೇ ಆಗಿದ್ದರೆ ಈ ಪ್ರಶ್ನೆ ಸರಿ. ಆದರೆ ಗರಗರ ಎನ್ನುವ ಚೈನು ಹಾರುವುದಕ್ಕೆ ಹೊಂಚುಹಾಕುತ್ತಿರುವ ಚೈನು. ಅದು ಹಾರುವುದು ಸಮತಟ್ಟಾದ ಖಾಲಿ ಬೀದಿಯಲ್ಲಲ್ಲ. ಸವಾರನು ಸೀಟಿನಿಂದೆದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕುವ ಏರಿನಲ್ಲಿ, ಇಲ್ಲವೆ ಹಿಂದೆ ಬಸ್ಸು ಬರುತ್ತಿರುವಾಗ ಅವಸರದಿಂದ ರಸ್ತೆ ದಾಟುವ ಗಳಿಗೆಯಲ್ಲಿ. ಕಾಲ ಕೆಳಗಿನ ಆಧಾರ ಒಮ್ಮೆಲೇ ತಪ್ಪಿ, ಸವಾರನು ಹ್ಯಾಂಡಲಿನ ಮೇಲೋ ನೆಲದ ಮೇಲೋ ಬೀಳುತ್ತಾನೆ.

ಹಿಂದಕ್ಕೆ ತುಳಿದರೆ ಬ್ರೇಕು ಬೀಳುವಂಥ ಹಬ್ಬನ್ನು ಹಾಕಿಸಿಕೊಂಡಿದ್ದರೆ ಅಪಾಯ ಇಮ್ಮಡಿ. ಚೈನು ಕಳಚಿದೊಡನೆ ಆ ಬ್ರೇಕೂ ಇಲ್ಲದಂತಾಗುತ್ತದೆ. ಫ್ರೀವೀಲು ಇಲ್ಲದೆ ಪೆಡಲು ಸದಾ ಗಾಲಿಯೊಡನೆ ತಿರುಗುವಂತೆ ಮಾಡಿದವರ ಸ್ಥಿತಿ ಇನ್ನೂ ಸೂಕ್ಷ್ಮ. ಕಳಚಿದ ಚೈನು ಹಬ್ಬಿಗೆ ಸುತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸಬಹುದು. ಇಂಥ ಸೈಕಲ್ಲುಗಳಿಗೆ ಕೈ ಬ್ರೇಕು ಇರಲೇಬೇಕು. ಮತ್ತೊಂದು ಎಚ್ಚರಿಕೆ: ಇಂಥ ಸೈಕಲ್ಲಿನ ಗಾಲಿ ತಿರುಗುತ್ತಿರುವಾಗ ಬಟ್ಟೆಯಿಂದ ಚೈನು ಒರೆಸಲು ಹೋಗಬಾರದು. ಹಲ್ಲಿಗೂ ಚೈನಿಗೂ ನಡುವೆ ಬೆರಳು ಸಿಕ್ಕಿದರೆ ಚೈನು ನಿಲ್ಲುವುದಿಲ್ಲ, ಬೆರಳು ಉಳಿಯುವುದಿಲ್ಲ. ಮಕ್ಕಳಿರುವ ಮನೆಗಳಲ್ಲಿ ಈ ಮಾತನ್ನು ಎರಡೆರಡು ಸಲ ಹೇಳಬೇಕು.

ಕ್ರಮವೇ ಮದ್ದು

ಪರಿಹಾರದಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ. ನೇರ ಸರಿಪಡಿಸಿದ ಮೇಲೆ ಒಂದು ಸುತ್ತು ಸವಾರಿ. ಹದ ನೋಡಿದ ಮೇಲೆ ಮತ್ತೊಂದು ಸುತ್ತು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಒಟ್ಟಿಗೆ ಬಿಗಿದರೆ ಸದ್ದು ಹೋದರೂ ಏಕೆ ಹೋಯಿತೆಂದು ತಿಳಿಯುವುದಿಲ್ಲ. ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕಾಗುತ್ತದೆ. ಮೊದಲು ಅಳತೆ, ಆಮೇಲೆ ಬಿಗಿತ, ಆಮೇಲೆ ಸವೆತ, ಆಮೇಲೆ ಬೋಲ್ಟು, ಕೊನೆಗೆ ಎಣ್ಣೆ: ಗರಗರ ಎನ್ನುವ ಸೈಕಲ್ಲಿಗೆ ಈ ಕ್ರಮ ಖರ್ಚಿನ ದೃಷ್ಟಿಯಿಂದಲೂ ಅನುಕೂಲ. ಮೊದಲ ಎರಡಕ್ಕೆ ಅಡಿಪಟ್ಟಿ, ಸ್ಪ್ಯಾನರು, ಒಂದು ಗಂಟೆಯ ತಾಳ್ಮೆ – ಇಷ್ಟೇ ಸಾಕು.

ಎಲ್ಲವೂ ಸರಿಯಾಯಿತೆಂದು ತೋರಿದ ಮೇಲೂ ಸೈಕಲ್ಲನ್ನು ಕೂಡಲೇ ಮಗನ ಕಾಲೇಜಿಗೋ ಮಗಳ ಪಾಠಕ್ಕೋ ಒಪ್ಪಿಸಬಾರದು. ವಾಹನ ಸಂಚಾರವಿಲ್ಲದ ಬೀದಿಯಲ್ಲಿ ಮನೆಯ ಹಿರಿಯರೊಬ್ಬರು ನಿಧಾನವಾಗಿ ಓಡಿಸಿ, ಕ್ರಮೇಣ ಬಲ ಹೆಚ್ಚಿಸಿ, ಬ್ರೇಕು ಹಿಡಿದುಕೊಂಡೇ ಪೆಡಲನ್ನು ಒತ್ತಿ ನೋಡಬೇಕು. ಚೈನು ಜಾರದೆ, ಜಿಗಿಯದೆ ನಿಂತರೆ ಪರೀಕ್ಷೆಯಲ್ಲಿ ತೇರ್ಗಡೆ. ಒಂದು ವಾರದ ಬಳಿಕ ಹದವನ್ನು ಇನ್ನೊಮ್ಮೆ ನೋಡಿದರೆ ಮತ್ತೂ ಒಳ್ಳೆಯದು. ಹೊಸದಾಗಿ ಬಿಗಿದ ನಟ್ಟುಗಳು ಆ ವೇಳೆಗೆ ಸ್ವಲ್ಪ ಸಡಿಲುವುದುಂಟು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದು ಹೊಲದ ಕೆಲಸಕ್ಕೆ. ಕೈ ಎಣ್ಣೆಮಸಿಯಾದವರಿಗೆ ದೊರೆಯುವ ಫಲ ಮೊಸರಲ್ಲ, ಮೌನ. ಮುಂಜಾನೆಯ ಬೀದಿಯಲ್ಲಿ ಟೈರು ನೆಲವನ್ನು ಸವರುವ ಮೆಲುದನಿಯೊಂದನ್ನು ಬಿಟ್ಟು ಬೇರೇನೂ ಕೇಳಿಸದಂತೆ ಸಾಗುವ ಸೈಕಲ್ಲು, ಮನೆಯವರ ಕೈಕೆಲಸ ಸರಿಯಾಗಿದೆ ಎಂಬುದಕ್ಕೆ ಕೊಡುವ ಯೋಗ್ಯತಾಪತ್ರ ಅದೇ.